ನಲ್ಲೂರು ತೋಪು: ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ?

ದೇವನಹಳ್ಳಿ, ಆ. : ದೇವನಹಳ್ಳಿ ಅಂದರೆ ಈಗ ಎಲ್ಲರಿಗೂ ವಿಮಾನ. ಅದಕ್ಕೆ ಮುಂಚೆ ಟಿಪ್ಪು ಹುಟ್ಟಿದ ಊರು, ಚಕ್ಕೋತದ ಊರು. ಆದರೆ ಸೂಲಿಬೆಲೆ ಬಸ್ಸು ಹತ್ತುವವರು ಕಿಟಕಿಯಾಚೆ ಕಂಡೂ ಕಾಣದೆ ಹೋಗುವ ಒಂದು ಜಾಗಕ್ಕೆ ಇಡೀ ದೇಶದಲ್ಲೇ ಮೊದಲನೇ ನಂಬರು ಇದೆ. ಅದೇ ನಲ್ಲೂರಿನ ಹುಣಸೆ ತೋಪು.

ಸುಮಾರು 54 ಎಕರೆ, ಮುನ್ನೂರರ ಹತ್ತಿರ ಮರ. 2007ರಲ್ಲಿ ಸರ್ಕಾರ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಈ ಹೆಸರು ಪಡೆದ ಮೊದಲ ಜಾಗ ಇದೇ. ಕಾಡಲ್ಲ, ಹುಲಿಯಿಲ್ಲ, ಜಲಪಾತವಿಲ್ಲ. ಬರೀ ಹುಣಸೆ ಮರ! ಸಾರಿಗೆ ಹಾಕೋ ಹುಣಸೆಗೆ ಇಷ್ಟು ಮರ್ಯಾದೆ ಯಾಕೆ ಅನ್ನೋರು ಒಮ್ಮೆ ಆ ಮರಗಳ ಬುಡ ನೋಡಬೇಕು. ಗಂಟುಗಂಟಾದ ಕಾಂಡ, ಒಳಗೆ ಪೊಳ್ಳು, ಮೇಲೆ ಹಸಿರು ಚಿಗುರು.

ಚೋಳರ ಕಾಲದ್ದು ಅಂತಾರೆ ಊರವರು. ಒಂದು ಮರದ ವಯಸ್ಸನ್ನು ಕಾರ್ಬನ್ ಪರೀಕ್ಷೆಯಿಂದ ಅಳೆದಾಗ ಸುಮಾರು 410 ವರ್ಷ ಅಂತ ಬಂತು. ಚೋಳರು ಈ ಸೀಮೆಗೆ ಬಂದದ್ದು 11ನೇ ಶತಮಾನದ ಸುಮಾರಿಗೆ. ಲೆಕ್ಕ ತಾಳೆಯಾಗೋದಿಲ್ಲ ನಿಜ. ಆದರೆ ತೋಪಿನಲ್ಲಿ ಮೂರು ತಲೆಮಾರಿನ ಮರಗಳಿವೆ ಅಂತ ತಿಳಿದವರು ಹೇಳುತ್ತಾರೆ. ಅಜ್ಜನ ಬುಡದಲ್ಲಿ ಮೊಮ್ಮಗ ಚಿಗುರಿದ್ದರೆ ವಯಸ್ಸು ಯಾರದ್ದು ಅಂತ ಹೇಳೋದು? ತೋಪಿನೊಳಗೇ ಹಳೇ ಕಲ್ಲಿನ ಚೆನ್ನಕೇಶವ ದೇವಸ್ಥಾನವೂ ಇದೆ.

ಇಷ್ಟು ವರ್ಷ ಉಳಿಸಿದ್ದು ಕಾಯ್ದೆಯಲ್ಲ, ಊರಿನ ಭಯಭಕ್ತಿ. ಹುಣಸೆ ಮರದಲ್ಲಿ ದೆವ್ವ ಇರ್ತದೆ ಅಂತ ರಾತ್ರಿ ಹೊತ್ತು ಯಾರೂ ಅತ್ತ ಸುಳಿಯಲ್ಲ. ಕೊಡಲಿ ಹಿಡಿದವನೂ ಅಷ್ಟೇ! ಬೇಸಿಗೆಯಲ್ಲಿ ಹುಣಸೆ ಬಡಿದು, ಒಣಗಿಸಿ, ಕುಟ್ಟಿ, ಬೀಜ ಬಿಡಿಸೋ ಕೆಲಸ ಈ ಕಡೆಯ ಹೆಂಗಸರಿಗೆ ಹೊಸದಲ್ಲ. ಹುಣಸೆಬೀಜದ ಪುಡಿ ನೂಲಿಗೆ ಗಂಜಿ ಹಾಕೋಕೂ ಬೇಕು. ದೊಡ್ಡಬಳ್ಳಾಪುರದ ಮಗ್ಗದವರನ್ನು ಕೇಳಿದರೆ ಗಂಜಿಯ ಬೆಲೆ ಗೊತ್ತಾಗ್ತದೆ.

ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು ಕೂರಬೇಕು. ಊರಿನ ಗಿಡ-ಮರ, ಬೀಜ, ಔಷಧಿ ಬೇರು ಎಲ್ಲವನ್ನೂ ಸಮಿತಿ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ ರಿಜಿಸ್ಟರು ಬೀರುವಿನಲ್ಲಿ ಮಲಗಿದರೆ ಮರಕ್ಕೆ ನೆರಳಾಗೋದಿಲ್ಲ. ಮುದಿಮರ ಬಿದ್ದ ಕಡೆ ಅದೇ ತೋಪಿನ ಬೀಜದ ಸಸಿ ಏಳಬೇಕು, ಆ ಸಸಿಗೆ ದನಕರು ಬಾಯಿ ಹಾಕದ ಹಾಗೆ ಮುಳ್ಳಿನ ಬೇಲಿ ಬೇಕು. ಲಕ್ಷಗಟ್ಟಲೆ ರೂಪಾಯಿಯ ಮಾತಲ್ಲ, ಎರಡು ಮಳೆಗಾಲದ ಕಾವಲಿನ ಮಾತು.

ಅಷ್ಟರಲ್ಲಿ ಭೂಮಿಗೆ ಚಿನ್ನದ ಬೆಲೆ ಬಂತು. 2008ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ಮುಂದೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ, ನಲ್ಲೂರೂ ಸೇರಿ, 1,777 ಎಕರೆ ಜಮೀನನ್ನು ಕೈಗಾರಿಕೆಗೆ ಕೊಡಬೇಕೆಂದಾಯಿತು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಸಾರಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನು ಮಾತ್ರ ತೆಗೆದುಕೊಳ್ಳುವುದಾಗಿಯೂ ಹೇಳಿದರು. ಗಮನಿಸಬೇಕಾದ ಮಾತು ಈ ಎರಡನೆಯದೇ. ಸುತ್ತಲಿನ ಹೊಲ ಒಂದೊಂದಾಗಿ ಲೇಔಟ್ ಆಗುತ್ತಾ ಹೋದರೆ ನಡುವಿನ 54 ಎಕರೆಗೆ ಮಳೆನೀರು ಎಲ್ಲಿಂದ ಹರಿದು ಬರಬೇಕು?