ಗೋಧಿ ಬಿಟ್ಟವರ ಮನೆಯಲ್ಲಿ ಮೆಕ್ಕೆಜೋಳ: ಹಿಟ್ಟು ಎಲ್ಲಿ ಬೀಸಿಸುತ್ತೀರಿ?

ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮುಗಿದು ನಿಮಗೋ ನಿಮ್ಮ ಮಗುವಿಗೋ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾದರೆ, ವೈದ್ಯರು ಹೇಳುವ ಮೊದಲ ಮಾತು 'ಇನ್ನು ಗೋಧಿ ಬೇಡ'. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಈ ಕಾಯಿಲೆ ಇರುವವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಅದಕ್ಕೆ ತಿರುಗಿಬಿದ್ದು ಸಣ್ಣಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಗುಣಪಡಿಸುವ ಮಾತ್ರೆ ಇಲ್ಲ; ಜೀವನವಿಡೀ ಗ್ಲುಟೆನ್ ಇಲ್ಲದ ಊಟವೇ ಚಿಕಿತ್ಸೆ. (ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಡಬೇಡಿ. ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೇ ಹೋಗಬಹುದು.)

ಅಕ್ಕಿ, ರಾಗಿ, ಜೋಳ, ಮೆಕ್ಕೆಜೋಳಗಳಲ್ಲಿ ಈ ಗ್ಲುಟೆನ್ ಇಲ್ಲ. ಬೆಳಗಾವಿ, ಹಾವೇರಿ ಕಡೆಯಿಂದ ಮುಂಬಯಿಗೆ ಬಂದ ಮನೆಗಳಿಗೆ ಗೋವಿನಜೋಳದ ರೊಟ್ಟಿ ಹೊಸದೂ ಅಲ್ಲ. ಎಡವುವುದು ಹೆಚ್ಚಾಗಿ ಒಲೆಯ ಮುಂದೆ ಅಲ್ಲ, ಹಿಟ್ಟಿನ ಅಂಗಡಿಯಲ್ಲಿ ಮತ್ತು ಗಿರಣಿಯಲ್ಲಿ.

ಅಂಗಡಿಯಲ್ಲಿ ಏನೆಂದು ಕೇಳಬೇಕು?

ನಾವು 'ಜೋಳ' ಅನ್ನುವುದು ಇಲ್ಲಿನ ಜ್ವಾರಿ. ಮೆಕ್ಕೆಜೋಳಕ್ಕೆ ಮರಾಠಿಯಲ್ಲಿ ಮಕಾ, ಹಿಂದಿಯಲ್ಲಿ ಮಕ್ಕಿ. 'ಕಾರ್ನ್ ಫ್ಲೋರ್' ಎಂದು ಕೇಳಿದರೆ ಅಂಗಡಿಯವರು ಸೂಪಿಗೆ ಹಾಕುವ ಬಿಳಿ ಪಿಷ್ಟದ ಪುಡಿ ಕೊಡುತ್ತಾರೆ. ಅದರಿಂದ ರೊಟ್ಟಿ ಆಗದು. ನಿಮಗೆ ಬೇಕಾದದ್ದು ಹಳದಿ ಬಣ್ಣದ, ಇಡೀ ಕಾಳಿನ ಹಿಟ್ಟು: 'ಮಕ್ಕಿ ಕಾ ಆಟಾ' ಎಂದೇ ಕೇಳಿ. ಬರೀ 'ರವೆ' ಎಂದರೆ ಸಿಗುವುದು ಗೋಧಿಯದು, ಉಪ್ಪಿಟ್ಟಿಗೆ ಮೆಕ್ಕೆಜೋಳದ ರವೆ ಎಂದು ಬಿಡಿಸಿ ಹೇಳಬೇಕು.

ಗಿರಣಿಯ ಸಮಸ್ಯೆ

ದಾದರ್ ಇರಲಿ, ಡೊಂಬಿವಲಿ ಇರಲಿ, ಗಲ್ಲಿಯ ಗಿರಣಿಯಲ್ಲಿ ದಿನವಿಡೀ ಬೀಸುವುದು ಬಹುಪಾಲು ಗೋಧಿ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಚೀಲದಲ್ಲಿ ಅದು ಉಳಿದಿರುತ್ತದೆ. ನಿಮ್ಮ ಎರಡು ಕಿಲೋ ಮೆಕ್ಕೆಜೋಳ ಅಲ್ಲಿಂದ ಇಳಿಯುವಾಗ ಗೋಧಿಯನ್ನೂ ಹೊತ್ತು ತರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ 'ಗ್ಲುಟೆನ್ ಮುಕ್ತ' ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಅಷ್ಟು ಕಡಿಮೆ ಪ್ರಮಾಣದ ಲೆಕ್ಕ ಇದು. 'ಬೆಳಿಗ್ಗೆ ಮೊದಲು ನಮ್ಮದು ಬೀಸಿಕೊಡಿ' ಎಂಬ ಏರ್ಪಾಡು ಸಾಲದು. ಹಿಂದಿನ ರಾತ್ರಿಯ ಗೋಧಿ ಅಲ್ಲೇ ಇರುತ್ತದೆ.

ಹಾಗಾದರೆ? ಗ್ಲುಟೆನ್ ಮುಕ್ತ ಎಂದು ಮುದ್ರಿಸಿದ ಪೊಟ್ಟಣದ ಹಿಟ್ಟು ಕೊಳ್ಳಿ. ಬೆಲೆ ಹೆಚ್ಚು, ನಿಜ. ಮನೆಯಲ್ಲಿ ಘರಘಂಟಿ ಇದ್ದರೆ ಅದನ್ನು ಗೋಧಿಗೆ ಬಳಸುವುದನ್ನು ಪೂರ್ತಿ ನಿಲ್ಲಿಸಿ ಚೆನ್ನಾಗಿ ತೆಗೆದು ಶುಚಿಮಾಡಿ; ಗೋಧಿಯೂ ಬೇಕೆಂದರೆ ಅದನ್ನು ಹೊರಗೆ ಬೀಸಿಸಿ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದಕ್ಕೆ ಗಿರಣಿಯೇ ಬೇಡ. ಒಂದು ಲೋಟ ಅಕ್ಕಿಯನ್ನು ಆರಿಸಿ, ತೊಳೆದು, ನಾಲ್ಕು ಗಂಟೆ ನೆನೆಸಿ. ಎಳೆ ತೆನೆಯಿಂದ ಬಿಡಿಸಿದ ಒಂದು ಲೋಟ ಕಾಳು, ಹಸಿಮೆಣಸು, ಶುಂಠಿ, ಜೀರಿಗೆ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಉಪ್ಪು ಹಾಕಿ ಕೂಡಲೇ ದೋಸೆ ಹುಯ್ಯಿರಿ. ಹುದುಗಬೇಕಿಲ್ಲ. ಮಕ್ಕಳು ಶಾಲೆಯ ಡಬ್ಬಿಗೂ ಒಯ್ಯಬಹುದು.

ರೊಟ್ಟಿ ಏಕೆ ಒಡೆಯುತ್ತದೆ?

ಚಪಾತಿ ಹಿಟ್ಟನ್ನು ಹಿಡಿದಿಡುವುದೇ ಗ್ಲುಟೆನ್. ಅದಿಲ್ಲದ ಹಿಟ್ಟಿಗೆ ತಣ್ಣೀರು ಹಾಕಿ ಎಷ್ಟು ನಾದಿದರೂ ಬಿರಿಯುತ್ತದೆ. ನೀರು ಕುದಿಸಿ ಉಪ್ಪು ಹಾಕಿ, ಹಿಟ್ಟಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಸುರಿದು ಚಮಚದಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಬಿಸಿಗೆ ಪಿಷ್ಟ ಉಬ್ಬಿ ಅಂಟು ಬರುತ್ತದೆ. ಕೈ ತಾಳುವಷ್ಟು ಆರಿದಾಗ ಅಂಗೈಯಿಂದ ಒತ್ತಿ ಒತ್ತಿ ನಾದಿ. ಒಂದೊಂದೇ ಉಂಡೆ ತೆಗೆದು ಬಾಳೆ ಎಲೆಯ ಮೇಲೆ ತಟ್ಟಿ, ಕಾದ ಹೆಂಚಿಗೆ ಹಾಕಿ, ಮೇಲ್ಭಾಗಕ್ಕೆ ನೀರು ಸವರಿ ತಿರುವಿ. ಮೊದಲ ನಾಲ್ಕು ರೊಟ್ಟಿ ಒಡೆದೇ ಒಡೆಯುತ್ತವೆ, ಬೇಸರ ಬೇಡ. ಲಟ್ಟಿಸುವುದಾದರೆ ಮಣೆಗೆ ಉದುರಿಸುವ ಹಿಟ್ಟೂ ಮೆಕ್ಕೆಜೋಳದ್ದೇ ಆಗಿರಲಿ. ಚಪಾತಿಯ ಮರದ ಮಣೆ, ಲಟ್ಟಣಿಗೆ, ಹಿಟ್ಟಿನ ಜರಡಿ ಇವುಗಳನ್ನು ಹಂಚಿಕೊಳ್ಳಬೇಡಿ. ಎಷ್ಟು ತೊಳೆದರೂ ಗೋಧಿ ಉಳಿಯುತ್ತದೆ.

ಮುಂಬಯಿಯ ಮಳೆಗಾಲದಲ್ಲಿ ಈ ಹಿಟ್ಟು ಬೇಗ ಕಮಟುತ್ತದೆ. ಸ್ವಲ್ಪವೇ ತಂದು ಫ್ರಿಜ್ಜಿನಲ್ಲಿಡಿ. ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಬೂಷ್ಟಿನ ವಿಷ ಬೇಯಿಸಿದರೂ ಪೂರ್ತಿ ಹೋಗದು.

ಬರೀ ಮೆಕ್ಕೆಜೋಳ ಸಾಕೇ?

ಸಾಲದು. ಇದರಲ್ಲಿರುವ ನಯಾಸಿನ್ ಜೀವಸತ್ವ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ್ದ ಬಡವರಲ್ಲಿ ಪೆಲ್ಲಾಗ್ರ ಹಬ್ಬಿತ್ತು. 1914ರಿಂದ ಅದನ್ನು ಅಧ್ಯಯನ ಮಾಡಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್, ಅದು ಸೋಂಕಲ್ಲ, ಊಟದ ಕೊರತೆ ಎಂದು ತೋರಿಸಿದರು. ರೊಟ್ಟಿಯ ಜೊತೆ ಬೇಳೆ, ಕಾಳು, ಶೇಂಗಾ ಚಟ್ನಿ, ಮೊಟ್ಟೆ ಅಥವಾ ಮೀನು ಇದ್ದರೆ ಆ ಭಯವಿಲ್ಲ. ಮಧುಮೇಹವೂ ಇರುವವರು ಮೆಕ್ಕೆಜೋಳ ಸಕ್ಕರೆ ಏರಿಸದು ಎಂದುಕೊಳ್ಳಬೇಡಿ. ಚಪಾತಿಯಂತೆ ಇದನ್ನೂ ಎಣಿಸಿ ತಿನ್ನಬೇಕು.

ಹೊರಗೆ ತಿನ್ನುವಾಗ

ಕೆಂಡದಲ್ಲಿ ಸುಟ್ಟ ತೆನೆಗೆ ಉಪ್ಪು, ಖಾರ, ನಿಂಬೆ ಮಾತ್ರ ಸವರಿಸಿಕೊಳ್ಳಿ. ಚಾಟ್ ಮಸಾಲೆ ಬೇಡ, ಅದರಲ್ಲಿ ಇಂಗು ಇರುತ್ತದೆ, ಮಾರುಕಟ್ಟೆಯ ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸುವುದು ಸಾಮಾನ್ಯ. ಮನೆಯ ಸಾರಿಗೂ ಅಕ್ಕಿ ಹಿಟ್ಟಿನ ಇಂಗು ಹುಡುಕಿ, ಡಬ್ಬಿಯ ಮೇಲಿನ ಪಟ್ಟಿ ಓದಿ. ಉಡುಪಿ ಹೋಟೆಲಿನ ದೋಸೆಯೂ ನಂಬಿಕಸ್ಥವಲ್ಲ. ಅದೇ ಕಾವಲಿಯ ಮೇಲೆ ರವಾ ದೋಸೆ ಹುಯ್ದಿರುತ್ತಾರೆ.

ಆಹಾರ ಬದಲಿಸಿದ ಆರು ತಿಂಗಳ ನಂತರ ಸಾಮಾನ್ಯವಾಗಿ ಟಿಟಿಜಿ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸುತ್ತಾರೆ. ಅಂಕಿ ಇಳಿಯದಿದ್ದರೆ, ಭೇದಿ, ರಕ್ತಹೀನತೆ ಮುಂದುವರಿದರೆ, ಮಗುವಿನ ತೂಕ ಏರದಿದ್ದರೆ ಜಠರ-ಕರುಳು ತಜ್ಞರನ್ನು ಕಾಣಿ. ಕೆಇಎಂ, ನಾಯರ್, ಸಯನ್‌ನ ಪಾಲಿಕೆ ಆಸ್ಪತ್ರೆಗಳಲ್ಲಿ ಈ ವಿಭಾಗಗಳಿವೆ. ಹೋಗುವಾಗ ಮನೆಯಲ್ಲಿ ಬಳಸುವ ಹಿಟ್ಟು, ಇಂಗು, ಮಸಾಲೆ ಪೊಟ್ಟಣಗಳ ಹಿಂಭಾಗದ ಫೋಟೋಗಳನ್ನು ತೆಗೆದುಕೊಂಡು ಹೋಗಿ, ಆಹಾರ ತಜ್ಞರಿಗೆ ತೋರಿಸಿ.