ಮುಟ್ಟಬೇಕಾದ್ದನ್ನಷ್ಟೇ ಮುಟ್ಟುವ ಮದ್ದು

ಅಮೆರಿಕದ ಪೋರ್ಟ್‌ಲ್ಯಾಂಡ್‌ನ ವೈದ್ಯ ಬ್ರಯಾನ್ ಡ್ರುಕರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಫಲಿತಾಂಶ ಕ್ಯಾನ್ಸರ್ ತಜ್ಞರನ್ನು ಬೆರಗುಗೊಳಿಸಿತು. ಅವರು ಚಿಕಿತ್ಸೆ ನೀಡಿದ್ದು ಇಂಟರ್‌ಫೆರಾನ್ ಎಂಬ ಆಗಿನ ಮದ್ದಿಗೆ ಬಗ್ಗದ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ (ಸಿಎಂಎಲ್) ಎಂಬ ರಕ್ತದ ಕ್ಯಾನ್ಸರ್ ಇದ್ದವರಿಗೆ. ಹೊಸ ಔಷಧವನ್ನು ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡ 54 ಮಂದಿಯ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಮರಳಿತ್ತು. ಅದೇ ವರ್ಷದ ಮೇ 10ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಮ್ಯಾಟಿನಿಬ್ ಎಂಬ ಈ ಔಷಧಕ್ಕೆ ಒಪ್ಪಿಗೆ ಕೊಟ್ಟಿತು.

ಈ ಮದ್ದಿನ ಗುರಿ ಒಂದು ಕೈನೇಸ್. ಎಟಿಪಿ ಅಣುವಿನಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನಿಗೆ ಅಂಟಿಸುವ ಕಿಣ್ವಗಳಿಗೆ ಆ ಹೆಸರು. ಕೋಶ ಬೆಳೆಯಬೇಕೋ ಸುಮ್ಮನಿರಬೇಕೋ ಎಂಬ ಸಂದೇಶ ಬಹುಪಾಲು ಇವುಗಳ ಮೂಲಕವೇ ಸಾಗುತ್ತದೆ. ಸಿಎಂಎಲ್‌ನಲ್ಲಿ 9 ಮತ್ತು 22ನೇ ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲುಬದಲಾಗುತ್ತವೆ. ಹಾಗೆ ಗಿಡ್ಡವಾದ ವರ್ಣತಂತುವನ್ನು ಫಿಲಡೆಲ್ಫಿಯಾದ ಇಬ್ಬರು ಸಂಶೋಧಕರು 1960ರಲ್ಲೇ ಕಂಡಿದ್ದರು. ಅದು ಅದಲುಬದಲಿನ ಫಲ ಎಂದು 1973ರಲ್ಲಿ ತೋರಿಸಿದವರು ಷಿಕಾಗೊದ ಜಾನೆಟ್ ರೌಲಿ. ಈ ಜೋಡಣೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಕೈನೇಸ್‌ಗೆ ನಿಲ್ಲುವುದೇ ಗೊತ್ತಿಲ್ಲ. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುವುದು ಅದರಿಂದಲೇ.

ಹಾಗಾದರೆ ಅದನ್ನು ತಡೆದರಾಯಿತಲ್ಲ ಎನ್ನಿಸುತ್ತದೆ. ಆದರೆ ನಮ್ಮ ದೇಹದಲ್ಲಿ ಕೈನೇಸ್‌ಗಳು ಐನೂರಕ್ಕೂ ಹೆಚ್ಚು. ಎಲ್ಲವೂ ಎಟಿಪಿಯನ್ನೇ ಬಳಸುವುದರಿಂದ ಅದು ಕೂರುವ ಕುಳಿ ಬಹುತೇಕ ಒಂದೇ ತರ ಇರುತ್ತದೆ. ಆ ಕುಳಿಗೆ ಬೀಳುವ ಔಷಧ ಹೃದಯ, ರಕ್ತನಾಳ, ಕರುಳಿಗೆ ಬೇಕಾದ ಕೈನೇಸ್‌ಗಳನ್ನೂ ಕಟ್ಟಿಹಾಕಿದರೆ ರೋಗಿಯ ಗತಿಯೇನು?

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ-ಗೈಗಿ ಕಂಪನಿಯ ರಸಾಯನಶಾಸ್ತ್ರಜ್ಞರು ಎದುರಿಸಿದ್ದು ಇದೇ ಪ್ರಶ್ನೆಯನ್ನು. ಅವರು ಕೈಗೆತ್ತಿಕೊಂಡ ಮೊದಲ ಅಣು, ಪ್ರೋಟೀನ್ ಕೈನೇಸ್-ಸಿ ಎಂಬ ಇನ್ನೊಂದು ಕಿಣ್ವವನ್ನು ತಡೆಯುತ್ತಿತ್ತು. ಅದರ ಒಂದು ಉಂಗುರಕ್ಕೆ ಒಂದೇ ಒಂದು ಮೀಥೈಲ್ ಗುಂಪನ್ನು, ಅಂದರೆ ಒಂದು ಕಾರ್ಬನ್ ಮತ್ತು ಮೂರು ಹೈಡ್ರೋಜನ್ನನ್ನು, ಸೇರಿಸಿದಾಗ ಅಣುವಿನ ಭಂಗಿ ಬದಲಾಯಿತು. ಅದು ಕೈನೇಸ್-ಸಿ ಬಿಟ್ಟು, ಬಿಸಿಆರ್-ಎಬಿಎಲ್‌ನ ಕೈನೇಸ್ ಭಾಗವಾದ ಎಬಿಎಲ್‌ಗೆ ಹೊಂದಿಕೊಂಡಿತು. ನಾಲ್ಕು ಪರಮಾಣುಗಳು ಮಾಡಿದ ವ್ಯತ್ಯಾಸ ಇದು. ಎಬಿಎಲ್ ಕೆಲಸ ನಿಲ್ಲಿಸಿರುವಾಗ ತಾಳುವ ವಿಶಿಷ್ಟ ಆಕಾರವನ್ನೇ ಹೀಗೆ ರೂಪುಗೊಂಡ ಇಮ್ಯಾಟಿನಿಬ್ ಹಿಡಿಯುತ್ತದೆ ಎಂಬುದು ಆಮೇಲೆ ತಿಳಿಯಿತು.

ಕ್ಯಾನ್ಸರ್ ಸುಮ್ಮನೆ ಕೂರಲಿಲ್ಲ. ಕೆಲವು ರೋಗಿಗಳಲ್ಲಿ ಎಬಿಎಲ್‌ನ 315ನೇ ಸ್ಥಾನದ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಹೋಗಿ ಐಸೊಲ್ಯೂಸಿನ್ ಬಂತು. ಮದ್ದು ಹಿಡಿದುಕೊಳ್ಳುತ್ತಿದ್ದ ಹೈಡ್ರೋಜನ್ ಬಂಧ ತಪ್ಪಿತು, ದಾರಿಗೆ ಅಡ್ಡಿಯೂ ಆಯಿತು. ಆ ಅಡ್ಡಿಯನ್ನು ದಾಟುವ ಪೊನಾಟಿನಿಬ್ 2012ರಲ್ಲಿ ಬಂದಾಗ ಸಂತಸಪಟ್ಟವರು ಬಹಳ. ಆದರೆ ಅದು ರಕ್ತನಾಳಗಳಿಗೆ ಬೇಕಾದ ಕೈನೇಸ್‌ಗಳೂ ಸೇರಿ ಹಲವನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟುವಿಕೆ, ಹೃದಯಾಘಾತ, ಪಾರ್ಶ್ವವಾಯುವಿನ ಪ್ರಕರಣಗಳು ಹೆಚ್ಚಿದ್ದರಿಂದ 2013ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು. ಕಟ್ಟುನಿಟ್ಟಿನ ಎಚ್ಚರಿಕೆಗಳೊಂದಿಗೆ ಮತ್ತೆ ಬಂದಿತು. ಶಕ್ತಿಯೊಂದೇ ಸಾಲದು ಎಂಬ ಪಾಠವನ್ನು ರೋಗಿಗಳೇ ಬೆಲೆ ತೆತ್ತು ಕಲಿಸಿದರು.

2021ರಲ್ಲಿ ಒಪ್ಪಿಗೆ ಪಡೆದ ಅಸಿಮಿನಿಬ್ ಎಟಿಪಿಯ ಕುಳಿಯ ತಂಟೆಗೇ ಹೋಗುವುದಿಲ್ಲ. ಸಹಜ ಎಬಿಎಲ್‌ನ ತುದಿಯಲ್ಲಿ ಮಿರಿಸ್ಟಾಯ್ಲ್ ಎಂಬ ಕೊಬ್ಬಿನ ಬಾಲವಿದೆ. ಅದು ಮಡಚಿಕೊಂಡು ಕಿಣ್ವದ ಇನ್ನೊಂದು ಬದಿಯ ಪುಟ್ಟ ಸಂದಿಗೆ ಸೇರಿದಾಗ ಕಿಣ್ವ ತಾನಾಗಿ ತಣ್ಣಗಾಗುತ್ತದೆ. ಬಿಸಿಆರ್ ಜತೆ ಬೆಸೆದುಕೊಂಡಾಗ ಆ ತುದಿಯೇ ಕಳೆದುಹೋಗುತ್ತದೆ. ಖಾಲಿ ಉಳಿದ ಸಂದಿಯಲ್ಲಿ ಅಸಿಮಿನಿಬ್ ಹೋಗಿ ಕೂರುತ್ತದೆ. ಇಂಥ ಸಂದಿ ಬೇರೆ ಕೈನೇಸ್‌ಗಳಲ್ಲಿ ಅಪರೂಪ. ಹಾಗಾಗಿ ಅವುಗಳಿಗೆ ತೊಂದರೆ ಕಡಿಮೆ. ಹಳೆಯ ಬೊಸುಟಿನಿಬ್ ಜತೆ ಹೋಲಿಸಿದ ಪ್ರಯೋಗದಲ್ಲಿ ಅಡ್ಡಪರಿಣಾಮಗಳಿಂದ ಚಿಕಿತ್ಸೆ ಬಿಟ್ಟವರು ಬೊಸುಟಿನಿಬ್ ಗುಂಪಿನಲ್ಲಿ ಶೇ 21ರಷ್ಟಿದ್ದರೆ, ಅಸಿಮಿನಿಬ್ ಗುಂಪಿನಲ್ಲಿ ಶೇ 6ರ ಆಸುಪಾಸು. ಹಾಗೆಂದು ಅದು ನಿರಪಾಯಕಾರಿಯಲ್ಲ. ರಕ್ತದೊತ್ತಡ, ಪ್ಲೇಟ್‌ಲೆಟ್, ಮೇದೋಜ್ಜೀರಕ ಗ್ರಂಥಿಯ ಮೇಲೆ ಕಣ್ಣಿಡಲೇಬೇಕು.

ಸಿಎಂಎಲ್ ರೋಗಿ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕು. ಆದ್ದರಿಂದ ಸುರಕ್ಷತೆ ಇಲ್ಲಿ ಎರಡನೆಯ ಮಾತಲ್ಲ, ಚಿಕಿತ್ಸೆಯ ಜೀವಾಳ. ಅಡ್ಡಪರಿಣಾಮ ತಾಳಲಾರದೆ ಬಿಟ್ಟ ಮಾತ್ರೆ ಎಷ್ಟು ಪ್ರಬಲವಾಗಿದ್ದರೇನು ಬಂತು?

ಇಮ್ಯಾಟಿನಿಬ್ ನಮ್ಮ ದೇಶದ ಬಡ ರೋಗಿಗೂ ದಕ್ಕಿತು. ಅದರ ಒಂದು ಹರಳು ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನಿರಾಕರಿಸಿದ್ದರಿಂದ ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ನಿಖರವಾಗಿ ಗುರಿ ಮುಟ್ಟುವ ಹೊಸ ಮದ್ದುಗಳೂ ಹಾಗೆಯೇ ಜಿಲ್ಲಾ ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಕೈಗೆ ಸಿಗಬೇಕು. ಇಂಥ ಮಾತ್ರೆ ನುಂಗುತ್ತಿರುವವರು ಊತ, ಉಸಿರಾಟದ ಕಷ್ಟ, ಎದೆನೋವು ಕಂಡರೆ ತಡಮಾಡದೆ ವೈದ್ಯರಿಗೆ ಹೇಳಿ. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ.