ಪದವಿ ತರಗತಿಗಳಲ್ಲಿ ಇತಿಹಾಸದ ಅಧ್ಯಯನ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಶಾಲೆಯ ಅಂಗಳದಲ್ಲಿ ಪಾಲಕರ ಓಡಾಟ ಹೆಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಮಗನನ್ನು ಯಾವ ಶಾಖೆಗೆ ಹಚ್ಚಬೇಕೆಂದು ಅವರು ಶಿಕ್ಷಕರನ್ನು ಕೇಳುತ್ತಾರೆ. ಶಿಕ್ಷಕರು ಅಂಕಪಟ್ಟಿಯತ್ತ ಕಣ್ಣು ಹಾಯಿಸುತ್ತಾರೆ. ಹೆಚ್ಚು ಅಂಕ ಪಡೆದವರು ವಿಜ್ಞಾನಕ್ಕೆ, ನಡುವಣವರು ವಾಣಿಜ್ಯಕ್ಕೆ, ಮಿಕ್ಕವರು ಕಲಾ ವಿಭಾಗಕ್ಕೆ. ಈ ಹಂಚಿಕೆಯನ್ನು ಯಾರೂ ಬರೆದಿಟ್ಟಿಲ್ಲವಾದರೂ ಎಲ್ಲರೂ ಪಾಲಿಸುತ್ತಾರೆ. ಇತಿಹಾಸ ಶಿಕ್ಷಕನಾಗಿ ಹಲವು ವರ್ಷ ಕಳೆದ ನಾನೂ ಈ ತಪ್ಪಿನಲ್ಲಿ ಭಾಗಿಯಾಗಿದ್ದೇನೆ. ಇತಿಹಾಸವನ್ನೇ ಓದಬೇಕೆಂದು ಹಟ ಹಿಡಿದಿದ್ದ ಜಾಣ ಹುಡುಗನೊಬ್ಬನನ್ನು ಅವನ ತಂದೆಯ ಮಾತಿಗೆ ಕಟ್ಟುಬಿದ್ದು ನಾನೇ ಬೇರೆ ದಾರಿಗೆ ತಿರುಗಿಸಿದೆ. ಅವನು ಇಂದು ಸುಖವಾಗಿಯೇ ಇದ್ದಾನೆ. ಆದರೂ ಭೇಟಿಯಾದಾಗಲೆಲ್ಲ ಯಾವುದಾದರೊಂದು ಗುಡಿಯ ಶಾಸನದ ಮಾತನ್ನೇ ಎತ್ತುತ್ತಾನೆ. ಆಗ ನನಗೆ ಉತ್ತರ ಹೊಳೆಯುವುದಿಲ್ಲ.

ಇತಿಹಾಸವೆಂದರೆ ಅರಸರ ಹೆಸರು, ಯುದ್ಧಗಳ ಇಸವಿ, ಅವನ್ನು ಕಂಠಪಾಠ ಮಾಡಬಲ್ಲ ನೆನಪು ಎಂಬ ಭಾವನೆ ಬೇರೂರಿದೆ. ಶಾಲೆಯ ಮಟ್ಟದಲ್ಲಿ ಅದು ಸ್ವಲ್ಪಮಟ್ಟಿಗೆ ನಿಜವೂ ಹೌದು. ಅದಕ್ಕೆ ನಮ್ಮ ಪ್ರಶ್ನೆಪತ್ರಿಕೆಗಳೇ ಕಾರಣ. ಪದವಿಯ ಮಟ್ಟದಲ್ಲಿ ವಿಷಯ ಬೇರೆಯಾಗುತ್ತದೆ, ಆಗಬೇಕು. ಅಲ್ಲಿ ‘ಏನು ನಡೆಯಿತು’ ಎಂಬ ಪ್ರಶ್ನೆಯ ಬೆನ್ನಿಗೇ ‘ಅದು ನಡೆಯಿತೆಂದು ನಮಗೆ ಹೇಗೆ ತಿಳಿಯಿತು’ ಎಂಬ ಪ್ರಶ್ನೆ ಹುಟ್ಟುತ್ತದೆ. ಇದನ್ನು ಒಂದು ಉದಾಹರಣೆಯಿಂದ ವಿವರಿಸುವುದು ಲೇಸು.

ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದನೆಂಬುದು ಕನ್ನಡನಾಡಿನ ಪ್ರತಿಯೊಂದು ಮಗುವೂ ಬಲ್ಲ ಸಂಗತಿ. ಇದಕ್ಕೆ ಮುಖ್ಯ ಆಧಾರ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿರುವ ಶಾಸನ. ಅದನ್ನು ರಚಿಸಿದವನು ರವಿಕೀರ್ತಿ. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಇದನ್ನು ವಿವರಿಸುತ್ತಿದ್ದಾಗ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, “ಸರ್, ಈ ಕವಿ ರಾಜನ ಕಡೆಯವನಲ್ರೀ? ಗೆದ್ದ ಅಂತ ಅವ ಹೇಳೇ ಹೇಳ್ತಾನ. ಅದನ್ನ ನಂಬೂದು ಹ್ಯಾಂಗ?” ಎಂದು ಕೇಳಿದಳು. ನನ್ನ ಸೇವಾವಧಿಯಲ್ಲಿ ವಿದ್ಯಾರ್ಥಿಗಳಿಂದ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಮಿಗಿಲಾದುದನ್ನು ನಾನು ಕಾಣೆ. ಪದವಿ ತರಗತಿಯ ಇತಿಹಾಸವು ಆರಂಭವಾಗುವುದು ಈ ಸಂಶಯದಿಂದಲೇ.

ಉತ್ತರವನ್ನು ಬೇರೊಂದು ಕಡೆ ಹುಡುಕಬೇಕು. ಅದೇ ಕಾಲದಲ್ಲಿ ಭಾರತದಲ್ಲಿ ಸಂಚರಿಸಿದ ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗನು ಹರ್ಷನಿಂದ ಸತ್ಕಾರ ಪಡೆದವನು, ಅವನನ್ನು ಮನಸಾರೆ ಹೊಗಳಿದವನು. ಅಂಥವನೂ ಪುಲಕೇಶಿಯ ನಾಡನ್ನು ಕುರಿತು ಬರೆಯುವಾಗ, ಹರ್ಷನು ತಾನೇ ಸೈನ್ಯವನ್ನು ನಡೆಸಿಕೊಂಡು ಬಂದರೂ ಈ ಜನರನ್ನು ಮಣಿಸಲಾಗಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಗೆದ್ದವನ ಕವಿಯ ಮಾತಿಗೆ ಎದುರು ಪಕ್ಷದ ಸ್ನೇಹಿತನೇ ಸಾಕ್ಷಿ ನುಡಿದಂತಾಯಿತು. ಈಗ ನಂಬಬಹುದು. ಆದರೂ ಎಷ್ಟನ್ನು ನಂಬಬೇಕು? ರವಿಕೀರ್ತಿಯು ಹರ್ಷನ ಹರ್ಷವು ಭಯದಿಂದ ಉಡುಗಿತೆಂಬ ಅರ್ಥದಲ್ಲಿ ಶ್ಲೇಷೆ ಮಾಡುತ್ತಾನೆ. ಯಾತ್ರಿಕನ ಬರಹದಿಂದ ಖಚಿತವಾಗುವುದು ಹರ್ಷನ ದಂಡಯಾತ್ರೆ ಫಲಿಸಲಿಲ್ಲವೆಂಬುದಷ್ಟೇ. ಮಿಕ್ಕದ್ದು ಕಾವ್ಯ. ಆಧಾರವು ಹೊರುವಷ್ಟೇ ಭಾರವನ್ನು ಅದರ ಮೇಲೆ ಹೊರಿಸುವ ಈ ಸಂಯಮವನ್ನು ಅನ್ಯ ಶಾಸ್ತ್ರಗಳು ಇಷ್ಟು ನೇರವಾಗಿ ಕಲಿಸುತ್ತವೆಯೋ ಇಲ್ಲವೋ ನಾನರಿಯೆ.

ಕಾಲನಿರ್ಣಯದ ಕೆಲಸವೂ ಅಷ್ಟೇ ಸ್ವಾರಸ್ಯಕರವಾದುದು. ಐಹೊಳೆಯ ಶಾಸನವು ಶಕವರ್ಷ 556 ಎಂದು ಹೇಳುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ದೊರೆಯುತ್ತದೆ. ಚೈತ್ರದಿಂದ ವರ್ಷ ಮೊದಲಾಗುವುದರಿಂದ ಅದರ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷದಲ್ಲಿ ಬೀಳುತ್ತವೆ. ಹೀಗಾಗಿ 634-35 ಎಂದು ಬರೆಯುತ್ತೇವೆ. ಅದೇ ಶಾಸನದಲ್ಲಿ ಕವಿಯು ತನ್ನನ್ನು ಕಾಳಿದಾಸ ಮತ್ತು ಭಾರವಿಗೆ ಹೋಲಿಸಿಕೊಂಡಿದ್ದಾನೆ. ಆತ್ಮಪ್ರಶಂಸೆ ಸ್ವಲ್ಪ ಹೆಚ್ಚಾಯಿತೆನ್ನಿ; ಆದರೆ ಅದರಿಂದ ನಮಗೆ ಲಾಭವೇ ಆಗಿದೆ. ಆ ಇಬ್ಬರು ಮಹಾಕವಿಗಳು ಕ್ರಿ.ಶ. 634ಕ್ಕಿಂತ ಈಚಿನವರಲ್ಲವೆಂದು ಇದರಿಂದ ಸಿದ್ಧವಾಗುತ್ತದೆ. ಇನ್ನು ಹರ್ಷ-ಪುಲಕೇಶಿಯರ ಯುದ್ಧದ ವರ್ಷದ ವಿಚಾರ. ಹಳೆಯ ಪುಸ್ತಕಗಳಲ್ಲಿ ಒಬ್ಬೊಬ್ಬರು ಒಂದೊಂದು ವರ್ಷವನ್ನು ಹೇಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ಪ್ರಕಟವಾದ ಪುಲಕೇಶಿಯ ಒಂದು ತಾಮ್ರಪಟದ ಆಧಾರದ ಮೇಲೆ ವಿದ್ವಾಂಸರು ಆ ಯುದ್ಧವನ್ನು ಕ್ರಿ.ಶ. 618-19ಕ್ಕೆ ಒಯ್ದಿದ್ದಾರೆ. ನಾನು ಕಲಿಸಿದ ಪಾಠ ಹೀಗೆ ತಿದ್ದುಪಡಿಗೊಳಗಾದುದಕ್ಕೆ ನನಗೆ ಬೇಸರವಿಲ್ಲ.

ಹಲ್ಮಿಡಿಯ ಶಾಸನದಲ್ಲಾದರೋ ವರ್ಷದ ಉಲ್ಲೇಖವೇ ಇಲ್ಲ. ಲಿಪಿಯ ಆಕಾರ, ಭಾಷೆಯ ರೂಪ, ಅದರಲ್ಲಿ ಬರುವ ಕದಂಬರ ಪ್ರಸ್ತಾಪ ಇವುಗಳಿಂದ ಅದನ್ನು ಸುಮಾರು ಕ್ರಿ.ಶ. 450 ಎಂದು ಗೊತ್ತುಪಡಿಸಲಾಯಿತು. ಈ ಬಗ್ಗೆ ಭಿನ್ನಾಭಿಪ್ರಾಯ ಇಂದಿಗೂ ಉಂಟು. ‘ಸುಮಾರು’ ಎಂಬ ಆ ಒಂದು ಶಬ್ದವನ್ನು ಬಿಡದೆ ಬರೆಯುವ ವಿದ್ಯಾರ್ಥಿಗೆ ನಾನು ಅರ್ಧ ಅಂಕ ಹೆಚ್ಚಿಗೆ ಕೊಡುತ್ತಿದ್ದೆ.

ಇನ್ನು ವ್ಯಾಸಂಗದ ಕ್ರಮ. ನಮ್ಮ ರಾಜ್ಯದಲ್ಲಿ ಕಲಾ ಪದವಿಯು ಬಹುಕಾಲದಿಂದ ಮೂರು ವರ್ಷಗಳದು. 2021ರಲ್ಲಿ ನಾಲ್ಕು ವರ್ಷಗಳ ಕ್ರಮ ಬಂದು, 2024ರಲ್ಲಿ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಲಾಯಿತು. ಇತಿಹಾಸದೊಡನೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಐಚ್ಛಿಕ ಕನ್ನಡವನ್ನು ಆಯ್ದುಕೊಳ್ಳುವುದು ರೂಢಿ. ಶಾಸನಗಳಲ್ಲಿ ಆಸಕ್ತಿಯುಳ್ಳವನಿಗೆ ಐಚ್ಛಿಕ ಕನ್ನಡವೇ ಉತ್ತಮ ಜೊತೆಯೆಂದು ನನ್ನ ಮತ. ಹಳಗನ್ನಡ ಬಾರದೆ ಕರ್ನಾಟಕದ ಇತಿಹಾಸವನ್ನು ಮೂಲದಲ್ಲಿ ಓದುವುದು ಸಾಧ್ಯವಿಲ್ಲ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರಕ್ಕೆ, ಮೈಸೂರಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವಕ್ಕೆ ಪ್ರತ್ಯೇಕ ವಿಭಾಗಗಳಿವೆ.

ಹೊಟ್ಟೆಪಾಡಿನ ಮಾತನ್ನು ಮರೆಮಾಚಲಾಗದು. ಇತಿಹಾಸದ ಪದವಿಯೊಂದರಿಂದಲೇ ನೌಕರಿ ದೊರೆಯುವುದಿಲ್ಲ. ಶಿಕ್ಷಕನಾಗಲು ಬಿ.ಎಡ್. ಬೇಕು, ಕಾಲೇಜಿನ ಉಪನ್ಯಾಸಕನಾಗಲು ಸ್ನಾತಕೋತ್ತರ ಪದವಿಯೊಡನೆ ಅರ್ಹತಾ ಪರೀಕ್ಷೆ ಬೇಕು, ಪುರಾತತ್ತ್ವ ಇಲಾಖೆ, ಪತ್ರಾಗಾರ, ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನಗಳು ಬೆರಳೆಣಿಕೆಯಷ್ಟು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ತಲಾ 250 ಅಂಕಗಳ ಎರಡು ಪತ್ರಿಕೆಗಳು. ಸಾಮಾನ್ಯ ಅಧ್ಯಯನದಲ್ಲಿಯೂ ಅದಕ್ಕೆ ಸ್ಥಾನವಿದೆ. ಇಷ್ಟನ್ನು ಪಾಲಕರಿಗೆ ಮೊದಲೇ ತಿಳಿಸಿಬಿಡಬೇಕು. ಬಡ ಮನೆಯ ಮಗುವಿಗೆ ಬರಿ ಆದರ್ಶವನ್ನು ಬೋಧಿಸಿ ಕಳಿಸುವುದು ನ್ಯಾಯವಲ್ಲ.

ಪದವಿಯಿಲ್ಲದೆ ಇತಿಹಾಸದ ಸೇವೆ ಸಾಧ್ಯವಿಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಧ್ಯವಿದೆ. ಮುಂಬಯಿ ಕರ್ನಾಟಕದ ಶಾಸನಗಳನ್ನು ಬೆಳಕಿಗೆ ತಂದ ಫ್ಲೀಟರು ಕಂದಾಯ ಇಲಾಖೆಯ ಅಧಿಕಾರಿ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದ ರೈಸರು ಮೊದಲು ಶಾಲೆಯ ಮುಖ್ಯೋಪಾಧ್ಯಾಯರು. ತಾಡೋಲೆಗಳನ್ನು ಮನೆಮನೆಯಿಂದ ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವಿಜಾಪುರದ ವಕೀಲರು. ಆದರೆ ಅಂಥವರು ಎಲ್ಲ ತಲೆಮಾರಿನಲ್ಲಿಯೂ ಹುಟ್ಟಿಬರುವುದಿಲ್ಲ. ಇತ್ತ ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲುಗಳು ಒಗೆಯುವ ಬಂಡೆಗಳಾಗುತ್ತಿವೆ, ಗುಡಿಯ ಜೀರ್ಣೋದ್ಧಾರದಲ್ಲಿ ಬಣ್ಣ ಬಳಿಸಿಕೊಂಡು ಅಕ್ಷರ ಕಳೆದುಕೊಳ್ಳುತ್ತಿವೆ. ಹಳೆಯ ಮನೆತನಗಳ ಕಡತಗಳು ಮೋಡಿ ಲಿಪಿ ಓದುವವರಿಲ್ಲದೆ ಗೆದ್ದಲಿಗೆ ಆಹಾರವಾಗುತ್ತಿವೆ. ಇವನ್ನು ಓದಬಲ್ಲವರನ್ನು ತಯಾರಿಸುವ ಕೆಲಸ ತರಗತಿಯಲ್ಲಿಯೇ ನಡೆಯಬೇಕು, ಆ ತರಗತಿಗೆ ವಿದ್ಯಾರ್ಥಿಗಳು ಬರಬೇಕು.

ಆದುದರಿಂದ ಸಹೋದ್ಯೋಗಿ ಬಂಧುಗಳಲ್ಲಿ ನನ್ನ ಅರಿಕೆ: ಐಹೊಳೆಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿಯಂಥ ಮಕ್ಕಳು ಕಂಡುಬಂದಲ್ಲಿ, ಅವರ ಅಂಕ ಎಷ್ಟೇ ಹೆಚ್ಚಿರಲಿ, ಇತಿಹಾಸದ ಹೆಸರನ್ನು ಒಮ್ಮೆಯಾದರೂ ಅವರ ಪಾಲಕರ ಮುಂದೆ ಎತ್ತಿರಿ. ದಾನಿಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ಕೇಳುವುದೂ ದೊಡ್ಡದಲ್ಲ. ವರ್ಷಕ್ಕೊಮ್ಮೆ ಮಕ್ಕಳನ್ನು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಕರೆದೊಯ್ಯಲು ಬಸ್ಸಿನ ವೆಚ್ಚ. ನಮ್ಮ ಗ್ರಂಥಾಲಯಕ್ಕೆ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು. ಆ ಸಂಪುಟಗಳನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡದೆ ಮೇಜಿನ ಮೇಲಿಟ್ಟರೆ, ತಮ್ಮ ಊರಿನ ಹೆಸರು ಯಾವ ಪುಟದಲ್ಲಿದೆಯೆಂದು ಮಕ್ಕಳು ತಾವಾಗಿಯೇ ಹುಡುಕತೊಡಗುತ್ತಾರೆ.